ಥೈಮಸ್ ಗ್ರಂಥಿಯ ದ್ರವಚೀಲಗಳು: ಪತ್ತೆ ಮತ್ತು ಚಿಕಿತ್ಸೆ

ಮಗುವಿನ ಕುತ್ತಿಗೆಯ ಪಕ್ಕದಲ್ಲಿ ಮೆತ್ತನೆಯ ಊತವೊಂದು ಕಂಡುಬಂದರೆ ಮನೆಯವರ ಮನಸ್ಸಿಗೆ ಮೊದಲು ಹೊಳೆಯುವುದು ಗಂಡಮಾಲೆ. ವಯಸ್ಕರ ಎದೆಯ ಕ್ಷ-ಕಿರಣ ಚಿತ್ರದಲ್ಲಿ ಹೃದಯದ ಪಕ್ಕಕ್ಕೆ ನೆರಳೊಂದು ಕಂಡರೆ ಮೊದಲು ಮೂಡುವ ಶಂಕೆ ಕ್ಷಯ ಅಥವಾ ಕ್ಯಾನ್ಸರ್. ಈ ಶಂಕೆಗಳು ಅಸಹಜವಲ್ಲ. ಅವುಗಳನ್ನು ಪರೀಕ್ಷಿಸಿಯೇ ತಳ್ಳಿಹಾಕಬೇಕು. ಆದರೆ ಇಂತಹ ಊತಗಳಲ್ಲಿ ಕೆಲವು ಕ್ಷಯವೂ ಅಲ್ಲ, ಕ್ಯಾನ್ಸರೂ ಅಲ್ಲ. ಥೈಮಸ್ ಎಂಬ ಗ್ರಂಥಿಯಲ್ಲಿ ಅಥವಾ ಅದರ ಉಳಿಕೆಗಳಲ್ಲಿ ನೀರು ತುಂಬಿ ಉಂಟಾದ ಚೀಲಗಳು ಅವು. ಇವನ್ನು ವೈದ್ಯರು ಥೈಮಸ್ ಸಿಸ್ಟ್ ಎನ್ನುತ್ತಾರೆ. ಈ ಪಾಠದಲ್ಲಿ ನಾವು ಇವನ್ನು ದ್ರವಚೀಲಗಳೆಂದು ಕರೆಯೋಣ.

ಇವು ಅಪರೂಪದವು. ಅಪರೂಪವಾದುದರಿಂದಲೇ ಎರಡು ಬಗೆಯ ಅನಾಹುತಗಳಿಗೆ ಎಡೆಯಾಗುತ್ತದೆ. ಗುರುತು ಸಿಗದೆ ಅನವಶ್ಯಕ ಔಷಧಗಳನ್ನು ತಿಂಗಳುಗಟ್ಟಲೆ ಸೇವಿಸುವುದು ಒಂದು. ಬೆದರಿ ಬೇಡದ ಶಸ್ತ್ರಕ್ರಿಯೆಗೆ ಒಳಗಾಗುವುದು ಇನ್ನೊಂದು. ಇವೆರಡನ್ನೂ ತಪ್ಪಿಸುವ ಮಾರ್ಗ ಯಾವುದೆಂಬುದನ್ನು ಓದುಗರು ತಿಳಿದಿರುವುದು ಒಳ್ಳೆಯದು.

ಥೈಮಸ್ ಗ್ರಂಥಿಯ ಪರಿಚಯ

ಎದೆಯ ನಡುಮೂಳೆಯ ಹಿಂಭಾಗದಲ್ಲಿ, ಹೃದಯದ ಮುಂಭಾಗದಲ್ಲಿ, ಎರಡು ಹಾಲೆಗಳುಳ್ಳ ಮೃದುವಾದ ಅಂಗವೊಂದಿದೆ. ಇದೇ ಥೈಮಸ್. ನವಜಾತ ಶಿಶುವಿನಲ್ಲಿ ಇದು ದೇಹದ ಗಾತ್ರಕ್ಕೆ ಹೋಲಿಸಿದರೆ ಬಹು ದೊಡ್ಡದಾಗಿರುತ್ತದೆ. ಹರೆಯದವರೆಗೆ ಬೆಳೆದು, ಅನಂತರ ಕ್ರಮೇಣ ಕುಗ್ಗಿ, ಅದರ ಬಹುಭಾಗವನ್ನು ಕೊಬ್ಬು ಆಕ್ರಮಿಸುತ್ತದೆ.

ಈ ಗ್ರಂಥಿಯ ಕಾರ್ಯವೇನೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1961ರಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ, ಹುಟ್ಟಿದ ಕೂಡಲೇ ಇಲಿಮರಿಗಳ ಥೈಮಸ್ಸನ್ನು ತೆಗೆದರೆ ಅವು ಸೋಂಕುಗಳನ್ನು ಎದುರಿಸಲಾರದೆ ಹೋಗುತ್ತವೆಂದು ತೋರಿಸಿಕೊಟ್ಟರು. ಎಲುಬಿನ ಮಜ್ಜೆಯಿಂದ ಹೊರಟ ಎಳೆಯ ರಕ್ತಕಣಗಳು ಈ ಗ್ರಂಥಿಗೆ ಬಂದು, ಸ್ವಂತ ದೇಹ ಯಾವುದು, ಪರಕೀಯ ರೋಗಾಣು ಯಾವುದು ಎಂಬ ವಿವೇಚನೆಯನ್ನು ಕಲಿತು ಹೊರಬರುತ್ತವೆ. ಇವನ್ನು ಟಿ-ಕಣಗಳೆನ್ನುತ್ತಾರೆ. ಹೀಗೆ ಥೈಮಸ್ ರೋಗರಕ್ಷಣೆಯ ಪಾಠಶಾಲೆಯೆಂದರೆ ತಪ್ಪಾಗಲಾರದು. ಬಾಲ್ಯದಲ್ಲಿ ಇದರ ಅಗತ್ಯ ಅತಿ ಹೆಚ್ಚು.

ಇತಿಹಾಸ ಕಲಿಸಿದ ಎಚ್ಚರಿಕೆ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಯೂರೋಪು ಮತ್ತು ಅಮೆರಿಕಗಳ ವೈದ್ಯರು, ದೊಡ್ಡದಾದ ಥೈಮಸ್ ಗ್ರಂಥಿ ಶ್ವಾಸನಾಳವನ್ನು ಒತ್ತಿ ಶಿಶುಗಳ ಹಠಾತ್ ಮರಣಕ್ಕೆ ಕಾರಣವಾಗುತ್ತದೆಂದು ನಂಬಿದ್ದರು. ದೀರ್ಘಕಾಲ ರೋಗದಿಂದಲೂ ಹಸಿವಿನಿಂದಲೂ ನರಳಿ ಸತ್ತವರ ಶವಗಳನ್ನೇ ಅವರು ಹೆಚ್ಚಾಗಿ ಪರೀಕ್ಷಿಸುತ್ತಿದ್ದರು. ಕಾಯಿಲೆ ಮತ್ತು ಅಪೌಷ್ಟಿಕತೆಗಳಿಂದ ಥೈಮಸ್ ಕುಗ್ಗುತ್ತದೆ. ಕುಗ್ಗಿದ ಗ್ರಂಥಿಯನ್ನೇ ಸಹಜವೆಂದು ಎಣಿಸಿದ್ದರಿಂದ, ಆರೋಗ್ಯವಂತ ಶಿಶುವಿನ ಸಹಜ ಗ್ರಂಥಿ ಅವರ ಕಣ್ಣಿಗೆ ರೋಗವಾಗಿ ಕಂಡಿತು. 1907ರಿಂದ ಈ ‘ರೋಗ’ಕ್ಕೆ ಕ್ಷ-ಕಿರಣ ಚಿಕಿತ್ಸೆ ಆರಂಭವಾಗಿ, ಸಾವಿರಾರು ಆರೋಗ್ಯವಂತ ಮಕ್ಕಳ ಕುತ್ತಿಗೆ ಮತ್ತು ಎದೆಗಳಿಗೆ ವಿಕಿರಣ ಹಾಯಿಸಲಾಯಿತು. ಇಂತಹ ಮಕ್ಕಳಲ್ಲಿ ಮುಂದೆ ಥೈರಾಯ್ಡ್ ಕ್ಯಾನ್ಸರ್ ತಲೆದೋರುತ್ತಿರುವುದು 1950ರ ಹೊತ್ತಿಗೆ ಬೆಳಕಿಗೆ ಬಂದಿತು.

ಈ ಕಥೆಯಿಂದ ತಂದೆತಾಯಿಗಳು ಗ್ರಹಿಸಬೇಕಾದುದಿಷ್ಟು: ಎಳೆಯ ಮಕ್ಕಳ ಕ್ಷ-ಕಿರಣ ಚಿತ್ರದಲ್ಲಿ ಹಡಗಿನ ಹಾಯಿಯಂತೆ ಕಾಣುವ ನೆರಳು ಸಾಮಾನ್ಯವಾಗಿ ಸಹಜ ಥೈಮಸ್ಸಿನದೇ ಆಗಿರುತ್ತದೆ. ಅದು ರೋಗವಲ್ಲ, ಅದಕ್ಕೆ ಚಿಕಿತ್ಸೆಯೂ ಬೇಡ.

ದ್ರವಚೀಲ ಉಂಟಾಗುವ ಬಗೆ

ಥೈಮಸ್ ಹುಟ್ಟುವುದು ಎದೆಯಲ್ಲಲ್ಲ, ಕೊರಳಿನಲ್ಲಿ. ಗರ್ಭಸ್ಥ ಭ್ರೂಣದ ಆರನೆಯ ವಾರದ ಸುಮಾರಿಗೆ ಗಂಟಲಿನ ಇಕ್ಕೆಲಗಳಲ್ಲಿರುವ ಪುಟ್ಟ ಚೀಲಗಳಿಂದ ಮೊಳೆತು, ಕೊರಳ ಹಾದಿಯಲ್ಲಿ ಕೆಳಗಿಳಿದು, ಎದೆಯಲ್ಲಿ ನೆಲೆಗೊಳ್ಳುತ್ತದೆ. ಇಳಿದು ಬಂದ ಹಾದಿ ಅನಂತರ ಮುಚ್ಚಿಹೋಗಬೇಕು. ಎಲ್ಲಿಯಾದರೂ ತುಣುಕು ಉಳಿದುಕೊಂಡರೆ ಅದರಲ್ಲಿ ನಿಧಾನವಾಗಿ ದ್ರವ ಸಂಗ್ರಹವಾಗಿ ಚೀಲವಾಗಬಹುದು. ಆದುದರಿಂದಲೇ ಕೆಳದವಡೆಯ ಮೂಲೆಯಿಂದ ಎದೆಯವರೆಗಿನ ಈ ಹಾದಿಯಲ್ಲಿ ಎಲ್ಲಿ ಬೇಕಾದರೂ ಥೈಮಸ್ಸಿನ ದ್ರವಚೀಲ ಕಾಣಿಸಿಕೊಳ್ಳಬಹುದು. ಇದು ಹುಟ್ಟಿನಿಂದ ಬಂದ ಬಗೆ. ಇದರ ಗೋಡೆ ತೆಳು. ಒಳಗೆ ಸಾಮಾನ್ಯವಾಗಿ ಒಂದೇ ಕೋಣೆ. ದ್ರವ ತಿಳಿಯಾಗಿರುವುದೇ ಹೆಚ್ಚು.

ಗ್ರಹಣಕಾಲದಲ್ಲಿ ಬಸುರಿ ಹೊರಗೆ ಬಂದುದು, ನಿಷಿದ್ಧ ಆಹಾರ ತಿಂದುದು ಮೊದಲಾದ ಕಾರಣಗಳನ್ನು ತಾಯಿಯ ಮೇಲೆ ಹೊರಿಸುವುದು ಸರ್ವಥಾ ತಪ್ಪು. ಭ್ರೂಣದ ಬೆಳವಣಿಗೆಯಲ್ಲಿ ಆದ ಸಣ್ಣ ವ್ಯತ್ಯಾಸವೇ ಇದರ ಮೂಲ.

ಎರಡನೆಯ ಬಗೆ, ಹುಟ್ಟಿದ ಮೇಲೆ ಉರಿಯೂತದಿಂದ ಬರುವಂಥದು. ಇದರಲ್ಲಿ ಹಲವು ಕೋಣೆಗಳಿದ್ದು, ಗೋಡೆ ದಪ್ಪವಾಗಿ, ದ್ರವ ಕದಡಿದಂತೆ ಅಥವಾ ರಕ್ತಮಿಶ್ರಿತವಾಗಿ ಇರಬಹುದು. ಎಚ್.ಐ.ವಿ. ಸೋಂಕು, ದೇಹದ ರಕ್ಷಣಾವ್ಯವಸ್ಥೆ ತನ್ನ ಅಂಗಗಳ ಮೇಲೆಯೇ ತಿರುಗಿಬೀಳುವ ಕೆಲವು ವ್ಯಾಧಿಗಳು, ಹಾಡ್ಜ್‌ಕಿನ್ ರೋಗಕ್ಕೆ ನೀಡಿದ ವಿಕಿರಣ ಚಿಕಿತ್ಸೆ, ಎದೆಯ ಶಸ್ತ್ರಕ್ರಿಯೆ ಇವುಗಳ ತರುವಾಯ ಇದು ಕಂಡುಬಂದಿದೆ.

ಕುತ್ತಿಗೆಯಲ್ಲಿ ಕಂಡಾಗ

ಕುತ್ತಿಗೆಯ ದ್ರವಚೀಲ ಹೆಚ್ಚಾಗಿ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಕಾಣುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು, ಬಲಕ್ಕಿಂತ ಎಡಗಡೆಯಲ್ಲಿ ಹೆಚ್ಚು. ಊತ ಮೆತ್ತಗಿದ್ದು, ನೋವಿಲ್ಲದೆ, ನಿಧಾನವಾಗಿ ಬೆಳೆಯುತ್ತದೆ. ಮಗು ಅತ್ತಾಗ, ಮುಕ್ಕಿದಾಗ ಊತ ಉಬ್ಬಿ ದೊಡ್ಡದಾಗಿ ಕಂಡರೆ, ಚೀಲ ಎದೆಯೊಳಕ್ಕೂ ಇಳಿದಿರಬಹುದೆಂದು ಶಂಕಿಸಬೇಕು. ಶೀತ ಕೆಮ್ಮುಗಳ ನಂತರ ಅಥವಾ ಒಳಗೆ ರಕ್ತಸ್ರಾವವಾದಾಗ ಊತ ಒಮ್ಮೆಲೇ ಹಿಗ್ಗಬಹುದು. ಎಳೆಯ ಶಿಶುಗಳಲ್ಲಿ ಕೆಲವೊಮ್ಮೆ ಉಸಿರು ಎಳೆಯುವಾಗ ಗೊರಗೊರ ಸದ್ದು, ಹಾಲು ನುಂಗಲು ಕಷ್ಟ, ಅಳುವಿನ ದನಿ ಬದಲಾಗುವುದು ಇವೂ ಇರುತ್ತವೆ.

ಎದೆಯಲ್ಲಿ ಇದ್ದಾಗ

ಎದೆಯೊಳಗಿನ ದ್ರವಚೀಲ ಬಹುಮಟ್ಟಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಉದ್ಯೋಗಕ್ಕೆ ಸೇರುವಾಗಲೋ ಬೇರಾವುದೋ ಕಾಯಿಲೆಗೆಂದೋ ಕ್ಷ-ಕಿರಣ ಅಥವಾ ಸಿ.ಟಿ. ಚಿತ್ರ ತೆಗೆಸಿದಾಗ ಅಕಸ್ಮಾತ್ತಾಗಿ ಕಾಣಸಿಗುತ್ತದೆ. ಚೀಲ ಬಹಳ ದೊಡ್ಡದಾಗಿದ್ದರೆ ಎದೆಯಲ್ಲಿ ಒತ್ತಿದಂತಾಗುವುದು, ಕೆಮ್ಮು, ಏದುಸಿರು, ಅನ್ನ ನುಂಗುವಾಗ ತಡೆ, ದನಿ ಒಡೆಯುವುದು ಮುಂತಾದ ಲಕ್ಷಣಗಳು ತೋರುತ್ತವೆ. ಅಂಗಾತ ಮಲಗಿದಾಗ ಉಸಿರು ಕಟ್ಟುವಂತಾದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಪರೀಕ್ಷೆಗಾಗಿಯೂ ಅರಿವಳಿಕೆಗಾಗಿಯೂ ಮಲಗಿಸುವ ಮುನ್ನ ಅವರು ವಿಶೇಷ ಎಚ್ಚರಿಕೆ ವಹಿಸಬೇಕಾಗುತ್ತದೆ.

ಸಂಜೆಯ ಹೊತ್ತಿಗೆ ರೆಪ್ಪೆ ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಅಗಿಯುತ್ತ ಅಗಿಯುತ್ತ ದವಡೆ ಸೋಲುವುದು ಇದ್ದರೆ ಅದನ್ನೂ ಮುಚ್ಚಿಡಬಾರದು. ಇವು ಮಯಸ್ತೀನಿಯಾ ಎಂಬ ಸ್ನಾಯುದೌರ್ಬಲ್ಯದ ಚಿಹ್ನೆಗಳು. ಈ ವ್ಯಾಧಿಗೂ ಥೈಮಸ್ಸಿಗೂ ನಿಕಟ ಸಂಬಂಧವಿದೆ. ಇದು ಇದ್ದಲ್ಲಿ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ.

ಪತ್ತೆಹಚ್ಚುವ ಕ್ರಮ

ಕುತ್ತಿಗೆಯ ಊತಕ್ಕೆ ಮೊದಲು ಮಾಡಬೇಕಾದುದು ಅಲ್ಟ್ರಾಸೌಂಡ್ ಪರೀಕ್ಷೆ. ಇದರಲ್ಲಿ ನೋವಿಲ್ಲ, ವಿಕಿರಣವಿಲ್ಲ. ಊತ ಗಟ್ಟಿಯೋ ನೀರಿನದೋ ಎಂಬುದು ಇದರಿಂದ ತಿಳಿಯುತ್ತದೆ. ಶಿಶುಗಳ ಎದೆಯ ನಡುಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲವಾದ ಕಾರಣ ಎದೆಯೊಳಗಿನ ಥೈಮಸ್ಸನ್ನೂ ಇದರಿಂದಲೇ ನೋಡಬಹುದು.

ಎದೆಯ ದ್ರವಚೀಲದ ಸುಳಿವು ಕ್ಷ-ಕಿರಣ ಚಿತ್ರದಲ್ಲಿ ದೊರೆತರೂ, ಅದು ಏನೆಂದು ಹೇಳಲು ಆ ಚಿತ್ರ ಸಾಲದು. ಸಿ.ಟಿ. ಪರೀಕ್ಷೆಯಲ್ಲಿ ಸಾಂದ್ರತೆಯನ್ನು ಅಂಕಿಗಳಲ್ಲಿ ಅಳೆಯುತ್ತಾರೆ. ನೀರಿಗೆ ಸೊನ್ನೆ, ತಿಳಿದ್ರವದ ಚೀಲಕ್ಕೆ ಸುಮಾರಾಗಿ 0ಯಿಂದ 20. ಆದರೆ ಚೀಲದೊಳಗೆ ಹಳೆಯ ರಕ್ತವೋ ಸಸಾರಜನಕವೋ ಬೆರೆತಿದ್ದರೆ ಅಂಕಿ ಏರಿ, ನೀರಿನ ಚೀಲವೇ ಗಟ್ಟಿ ಗೆಡ್ಡೆಯಂತೆ ಕಾಣುತ್ತದೆ. ಈ ಭ್ರಮೆಗೆ ಸಿಲುಕಿ ಶಸ್ತ್ರಕ್ರಿಯೆಗೆ ಒಳಗಾದವರು ಹಲವರು. ಇಂತಹ ಸಂದೇಹವಿರುವಾಗ ಎಂ.ಆರ್.ಐ. ಪರೀಕ್ಷೆ ಬಹಳ ಉಪಯುಕ್ತ. ಚುಚ್ಚುಮದ್ದಿನ ಮೂಲಕ ಬಣ್ಣದ್ರವ್ಯ ಕೊಟ್ಟಾಗ ಗಟ್ಟಿ ಗೆಡ್ಡೆ ರಕ್ತವನ್ನು ಹೀರಿ ಬೆಳಗುತ್ತದೆ. ದ್ರವಚೀಲದ ಒಳಭಾಗ ಬೆಳಗುವುದಿಲ್ಲ. ಎಂ.ಆರ್.ಐ.ಯಲ್ಲಿ ವಿಕಿರಣವಿಲ್ಲದಿರುವುದು ಮತ್ತೊಂದು ಅನುಕೂಲ.

ತೆಳುಗೋಡೆಯ, ಒಳಗೆ ಗಂಟುಗಳಿಲ್ಲದ ಚೀಲ ನಿರಪಾಯಕಾರಿ ಎನ್ನಬಹುದು. ಗೋಡೆ ದಪ್ಪವಾಗಿದ್ದರೆ, ಒಳಗೋಡೆಯಲ್ಲಿ ಗಟ್ಟಿಯಾದ ಗಂಟು ಇದ್ದರೆ, ಅಥವಾ ಹಲವು ಕೋಣೆಗಳಿದ್ದರೆ ಎಚ್ಚರಿಕೆ ಅಗತ್ಯ. ಏಕೆಂದರೆ ಥೈಮೋಮ ಎಂಬ ಗೆಡ್ಡೆಯೂ ಲಿಂಫೋಮ ಮೊದಲಾದ ಕ್ಯಾನ್ಸರುಗಳೂ ಒಳಗೆ ಕರಗಿ ದ್ರವಚೀಲದ ವೇಷ ಧರಿಸುವುದುಂಟು. ಯುವಕರಲ್ಲಿ ಇದೇ ಸ್ಥಳದಲ್ಲಿ ಬೀಜಕಣಗಳ ಗೆಡ್ಡೆಗಳು ಬರುವುದರಿಂದ ಅದಕ್ಕೆ ಸಂಬಂಧಿಸಿದ ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ.

ಕೊನೆಯ ತೀರ್ಮಾನ ಸಿಗುವುದು ತೆಗೆದ ಚೀಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಗೋಡೆಯಲ್ಲಿ ಥೈಮಸ್ಸಿನ ಅಂಗಾಂಶವೂ, ಈರುಳ್ಳಿಯ ಪದರಗಳಂತೆ ಸುತ್ತಿಕೊಂಡಿರುವ ಹಸಾಲ್ ಕಣಗಳೂ ಕಂಡರೆ ಅದು ಥೈಮಸ್ಸಿನ ದ್ರವಚೀಲವೆಂಬುದು ಖಚಿತ.

ಗಂಡಮಾಲೆಗೂ ಇದಕ್ಕೂ ಭೇದ

ನಮ್ಮಲ್ಲಿ ಕುತ್ತಿಗೆಯ ಊತಕ್ಕೆ ಕ್ಷಯದ ಗಂಡಮಾಲೆ ಸಾಮಾನ್ಯವಾದ ಕಾರಣ. ಅದರಲ್ಲಿ ಗಂಟುಗಳು ಹಲವಿದ್ದು, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸಂಜೆಯ ಜ್ವರ, ತೂಕ ಇಳಿಯುವುದು, ಹಸಿವು ಕುಂದುವುದು ಜೊತೆಗಿರಬಹುದು. ದ್ರವಚೀಲದಲ್ಲಿ ಮಗು ಸಾಮಾನ್ಯವಾಗಿ ಲವಲವಿಕೆಯಿಂದಲೇ ಇರುತ್ತದೆ. ಊತ ಒಂದೇ ಆಗಿದ್ದು ಮೆತ್ತಗಿರುತ್ತದೆ. ಆದರೂ ಕೈಯಿಂದ ಮುಟ್ಟಿ ನೋಡಿ ನಿರ್ಧರಿಸುವುದು ತರವಲ್ಲ. ರೋಗಾಣು ಪತ್ತೆಯಾಗದೆ, ಚಿತ್ರಪರೀಕ್ಷೆ ನಡೆಯದೆ, ಕೇವಲ ಊಹೆಯಿಂದ ಕ್ಷಯದ ಮಾತ್ರೆಗಳನ್ನು ಆರಂಭಿಸಬಾರದು. ಹಾಗೆಯೇ ವೈದ್ಯರು ಪರೀಕ್ಷಿಸಿ ಕ್ಷಯವೆಂದು ದೃಢಪಡಿಸಿದ ಮೇಲೆ ಮಾತ್ರೆಗಳನ್ನು ನಡುವೆ ನಿಲ್ಲಿಸಲೂಬಾರದು. ಹುಟ್ಟಿನಿಂದ ಬರುವ ಬೇರೆ ಬಗೆಯ ಕುತ್ತಿಗೆಯ ಚೀಲಗಳೂ ಇವೆ. ಅವುಗಳೊಡನೆಯೂ ಇದು ಗೊಂದಲಕ್ಕೆಡೆ ಮಾಡುತ್ತದೆ.

ಚಿಕಿತ್ಸೆ

ದ್ರವಚೀಲವನ್ನು ಕರಗಿಸುವ ಔಷಧಿ ಯಾವ ಪದ್ಧತಿಯಲ್ಲಿಯೂ ಇಲ್ಲ. ಸೂಜಿಯಿಂದ ನೀರು ತೆಗೆದರೆ ಊತ ತಾತ್ಕಾಲಿಕವಾಗಿ ಇಳಿದು ಮತ್ತೆ ತುಂಬಿಕೊಳ್ಳುತ್ತದೆ. ಉಸಿರಿಗೆ ಅಡಚಣೆಯಾದ ತುರ್ತು ಸಂದರ್ಭದಲ್ಲಿ ಅದು ಸಹಾಯಕವಾದರೂ ಶಾಶ್ವತ ಪರಿಹಾರವಲ್ಲ. ಎದೆಯೊಳಗಿನ ಚೀಲವನ್ನು ಪೂರ್ವಪರೀಕ್ಷೆಯಿಲ್ಲದೆ ಚುಚ್ಚುವುದಂತೂ ಅಪಾಯಕರ. ಅದು ಥೈಮೋಮವಾಗಿದ್ದಲ್ಲಿ ಕಣಗಳು ಹರಡಬಹುದು; ನಾಯಿಯ ಲಾಡಿಹುಳುವಿನಿಂದ ಬರುವ ಹೈಡಾಟಿಡ್ ಚೀಲವಾಗಿದ್ದಲ್ಲಿ ದ್ರವ ಸೋರಿ ತೀವ್ರ ಅಲರ್ಜಿ ಉಂಟಾಗಬಹುದು.

ಉಳಿದಿರುವ ಮಾರ್ಗಗಳು ಎರಡು: ಕಾದು ನೋಡುವುದು, ಶಸ್ತ್ರಕ್ರಿಯೆ.

ಎದೆಯಲ್ಲಿ ಚಿಕ್ಕದಾದ, ತೆಳುಗೋಡೆಯ, ತೊಂದರೆ ಕೊಡದ ಚೀಲವಿದ್ದು, ಅದು ನೀರಿನ ಚೀಲವೇ ಎಂದು ಚಿತ್ರಪರೀಕ್ಷೆಯಿಂದ ಖಾತ್ರಿಯಾದರೆ, ತೆಗೆಯಬೇಕಾದ ಅವಶ್ಯಕತೆಯಿಲ್ಲ. ವೈದ್ಯರು ಹೇಳಿದ ಅವಧಿಗೆ ಸರಿಯಾಗಿ ಮತ್ತೆ ಚಿತ್ರ ತೆಗೆಸಿ ಹೋಲಿಸಿ ನೋಡುತ್ತಿದ್ದರೆ ಸಾಕು. ಚೀಲದ ಗಾತ್ರ ಸ್ವಲ್ಪ ಹೆಚ್ಚುಕಡಿಮೆಯಾಗುವುದು ಸಹಜ, ಅಷ್ಟಕ್ಕೇ ಗಾಬರಿಪಡಬೇಕಾಗಿಲ್ಲ. ‘ಏನೂ ಮಾಡಲಿಲ್ಲ’ ಎಂದು ವೈದ್ಯರನ್ನು ದೂಷಿಸುವುದು ಸಲ್ಲದು. ಸರಿಯಾದ ಕಾರಣದಿಂದ ಕಾಯುವುದೂ ಚಿಕಿತ್ಸೆಯೇ. ವಯಸ್ಕರ ಥೈಮಸ್ ನಿಷ್ಪ್ರಯೋಜಕವೆಂದು ಹಿಂದೆ ಭಾವಿಸಲಾಗಿತ್ತು. 2023ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಥೈಮಸ್ ತೆಗೆಸಿಕೊಂಡ ವಯಸ್ಕರಲ್ಲಿ ಐದು ವರ್ಷಗಳೊಳಗಿನ ಮರಣವೂ ಕ್ಯಾನ್ಸರೂ ಹೋಲಿಕೆಯ ಗುಂಪಿಗಿಂತ ಹೆಚ್ಚಾಗಿ ಕಂಡುಬಂದವು. ಆದುದರಿಂದ ಬೇಡದ ಕಡೆ ಈ ಗ್ರಂಥಿಯನ್ನು ಕೀಳಿಸದಿರುವುದೇ ಜಾಣತನ. ಗೆಡ್ಡೆಯೇ ಇರುವಾಗ ಮಾತ್ರ ಈ ಅಂಜಿಕೆಯಿಂದ ಶಸ್ತ್ರಕ್ರಿಯೆಯನ್ನು ಮುಂದೂಡಬಾರದು.

ಚೀಲ ತೊಂದರೆ ಕೊಡುತ್ತಿದ್ದರೆ, ಬೆಳೆಯುತ್ತಿದ್ದರೆ, ಸೋಂಕು ಅಥವಾ ರಕ್ತಸ್ರಾವವಾಗಿದ್ದರೆ, ಇಲ್ಲವೆ ಗೆಡ್ಡೆಯ ಶಂಕೆ ನಿವಾರಣೆಯಾಗದಿದ್ದರೆ ಶಸ್ತ್ರಕ್ರಿಯೆಯೇ ಸರಿ. ಎದೆಯ ಚೀಲವನ್ನು ನಡುಮೂಳೆಯನ್ನು ಸೀಳಿ ತೆಗೆಯುವುದು ಹಳೆಯ ಕ್ರಮ. ದೊಡ್ಡ ಚೀಲಗಳಿಗೆ ಇಂದಿಗೂ ಅದು ಬೇಕಾಗುತ್ತದೆ. ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರಗಳ ಮೂಲಕ ದರ್ಶಕಕೊಳವೆಯಿಟ್ಟು ತೆಗೆಯುವ ಕ್ರಮವೂ ಈಗ ರೂಢಿಯಲ್ಲಿದೆ. ಅದರಲ್ಲಿ ನೋವು ಕಡಿಮೆ, ಆಸ್ಪತ್ರೆಯ ವಾಸವೂ ಕಡಿಮೆ. ವಪೆಯನ್ನು ನಡೆಸುವ ನರ, ದನಿಪೆಟ್ಟಿಗೆಯ ನರ ಮತ್ತು ದೊಡ್ಡ ರಕ್ತನಾಳಗಳು ಪಕ್ಕದಲ್ಲೇ ಹಾದುಹೋಗುವುದರಿಂದ ಅನುಭವಿ ಶಸ್ತ್ರವೈದ್ಯರೇ ಇದನ್ನು ಕೈಗೊಳ್ಳಬೇಕು.

ಕುತ್ತಿಗೆಯ ಚೀಲವನ್ನು ಕೊರಳಿನ ಮಡಿಕೆಯಲ್ಲಿ ಗೀರಿ ಪೂರ್ತಿಯಾಗಿ ತೆಗೆಯುತ್ತಾರೆ. ಇಲ್ಲಿ ಒಂದು ಮುಖ್ಯ ಎಚ್ಚರಿಕೆಯಿದೆ. ಮಗುವಿನ ಎದೆಯಲ್ಲಿ ಸಹಜ ಥೈಮಸ್ ಇದೆಯೇ ಎಂಬುದನ್ನು ಶಸ್ತ್ರಕ್ರಿಯೆಗೆ ಮೊದಲು ನೋಡಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಕುತ್ತಿಗೆಯಲ್ಲಿರುವುದೇ ಅವರ ಥೈಮಸ್ ಅಂಗಾಂಶವಾಗಿರಬಹುದು. ಅದನ್ನೆಲ್ಲ ತೆಗೆದುಬಿಟ್ಟರೆ ಮಗುವಿನ ರೋಗರಕ್ಷಣೆಗೆ ಕುಂದು ಬರುತ್ತದೆ. ‘ಎದೆಯ ಥೈಮಸ್ಸನ್ನು ನೋಡಿದ್ದೀರಾ?’ ಎಂದು ವೈದ್ಯರನ್ನು ಕೇಳಲು ತಂದೆತಾಯಿಗಳು ಸಂಕೋಚಪಡಬಾರದು.

ಪೂರ್ತಿಯಾಗಿ ತೆಗೆದ ಹುಟ್ಟುಚೀಲ ಮರುಕಳಿಸುವುದು ಅಪರೂಪ. ತೆಗೆದ ಭಾಗದ ಸೂಕ್ಷ್ಮಪರೀಕ್ಷಾ ವರದಿಯನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಆಶಾ ಕಾರ್ಯಕರ್ತೆಯರು ನಿಮಗೆ ದಾರಿ ತೋರುವರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಆಗ ಊತವನ್ನು ಅವರಿಗೆ ತೋರಿಸಬಹುದು. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೂ, ಅಗತ್ಯಬಿದ್ದರೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಕಳುಹಿಸುತ್ತಾರೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ನಿಮ್ಮ ಕುಟುಂಬಕ್ಕೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಿಂದ ತಿಳಿದುಕೊಳ್ಳಿರಿ. ಹೋಗುವಾಗ ಪಡಿತರ ಚೀಟಿ, ಆಧಾರ್ ಚೀಟಿ, ಹಳೆಯ ಚಿತ್ರಗಳು ಮತ್ತು ವರದಿಗಳು ಜೊತೆಯಲ್ಲಿರಲಿ. ಹಳೆಯ ಚಿತ್ರವಿಲ್ಲದೆ ಚೀಲ ಬೆಳೆದಿದೆಯೇ ಇಲ್ಲವೇ ಎಂದು ಹೇಳಲಾಗದು.

ಕೆಲವು ಪ್ರಶ್ನೆಗಳು

ಪ್ರಶ್ನೆ: ಊತಕ್ಕೆ ಬರೆ ಹಾಕಿಸಬಹುದೇ? ಸೊಪ್ಪಿನ ಪಟ್ಟು ಕಟ್ಟಬಹುದೇ?
ಉತ್ತರ: ಖಂಡಿತ ಕೂಡದು. ಬರೆಯಿಂದ ಚರ್ಮ ಸುಟ್ಟು ಸೋಂಕು ತಗಲುತ್ತದೆ. ಒಳಗಿನ ಚೀಲ ಹಾಗೆಯೇ ಉಳಿಯುತ್ತದೆ. ಪಟ್ಟಿನಿಂದ ಚೀಲ ಕರಗದು. ಊತವನ್ನು ಹಿಚುಕುವುದೂ ಮನೆಯಲ್ಲಿ ಚುಚ್ಚುವುದೂ ಅಪಾಯ.

ಪ್ರಶ್ನೆ: ಇದು ಅಂಟುರೋಗವೇ?
ಉತ್ತರ: ಅಲ್ಲ. ಮಗುವನ್ನು ಬೇರೆ ಮಕ್ಕಳಿಂದ ದೂರವಿಡಬೇಕಾಗಿಲ್ಲ. ಶಾಲೆಗೆ ಕಳುಹಿಸಬಹುದು.

ಪ್ರಶ್ನೆ: ಇದು ಮುಂದೆ ಕ್ಯಾನ್ಸರ್ ಆಗುವುದೇ?
ಉತ್ತರ: ತೆಳುಗೋಡೆಯ ಸರಳ ಚೀಲ ಕ್ಯಾನ್ಸರ್ ಆಗುವುದು ತೀರ ಅಪರೂಪ. ಕ್ಯಾನ್ಸರೇ ಚೀಲದಂತೆ ತೋರುತ್ತಿದೆಯೇ ಎಂಬುದನ್ನು ಮೊದಲೇ ತಿಳಿಯಲೆಂದು ಪರೀಕ್ಷೆಗಳನ್ನು ಮಾಡುತ್ತಾರೆ.

ಪ್ರಶ್ನೆ: ಚೀಲವಿರುವ ಮಗುವಿಗೆ ಲಸಿಕೆಗಳನ್ನು ಹಾಕಿಸಬಹುದೇ?
ಉತ್ತರ: ದ್ರವಚೀಲವಿದೆಯೆಂಬ ಕಾರಣಕ್ಕೆ ಲಸಿಕೆಗಳನ್ನು ತಪ್ಪಿಸಬೇಕಾಗಿಲ್ಲ. ಆದರೆ ಮಗುವಿಗೆ ಪದೇ ಪದೇ ಕಠಿಣ ಸೋಂಕುಗಳಾಗುತ್ತಿದ್ದರೆ, ಅಥವಾ ಥೈಮಸ್ಸನ್ನು ಪೂರ್ತಿ ತೆಗೆದಿದ್ದರೆ, ಮೊದಲು ವೈದ್ಯರಿಗೆ ತಿಳಿಸಿರಿ.

ನೆನಪಿನಲ್ಲಿಡತಕ್ಕ ಅಂಶಗಳು

1. ಕುತ್ತಿಗೆಯ ಊತ ಎರಡು ವಾರಕ್ಕೂ ಮೇಲ್ಪಟ್ಟು ಉಳಿದರೆ ವೈದ್ಯರಿಗೆ ತೋರಿಸಿರಿ. ಉಸಿರಾಟಕ್ಕೆ ಅಡ್ಡಿಯಾದರೆ ಒಂದು ಗಳಿಗೆಯೂ ತಡಮಾಡದೆ 108ಕ್ಕೆ ಕರೆಮಾಡಿ ಆಂಬುಲೆನ್ಸ್ ತರಿಸಿರಿ.

2. ಶಿಶುವಿನ ಎದೆಯ ಚಿತ್ರದಲ್ಲಿ ಕಾಣುವ ದೊಡ್ಡ ಥೈಮಸ್ ಸಾಮಾನ್ಯವಾಗಿ ಆರೋಗ್ಯದ ಗುರುತು.

3. ಊಹೆಯ ಮೇಲೆ ಕ್ಷಯದ ಮಾತ್ರೆ ಬೇಡ. ದೃಢಪಟ್ಟ ಮೇಲೆ ನಿಲ್ಲಿಸುವುದೂ ಬೇಡ.

4. ಎದೆಯ ಚೀಲವನ್ನು ಕೀಳಿಸುವ ಮೊದಲು, ಅದು ನೀರೋ ಗೆಡ್ಡೆಯೋ ಎಂಬುದು ತಿಳಿಯಲು ಎಂ.ಆರ್.ಐ. ಅಗತ್ಯವೇ ಎಂದು ಕೇಳಿರಿ.

5. ಮಕ್ಕಳ ಕುತ್ತಿಗೆಯ ಶಸ್ತ್ರಕ್ರಿಯೆಗೆ ಮುನ್ನ ಎದೆಯಲ್ಲಿ ಥೈಮಸ್ ಇರುವುದು ಖಾತ್ರಿಯಾಗಿರಬೇಕು.

6. ಚಿತ್ರಗಳನ್ನೂ ವರದಿಗಳನ್ನೂ ಒಂದೇ ಚೀಲದಲ್ಲಿ ಹಾಕಿ, ತೇವ ತಗಲದಂತೆ ಕಾಪಾಡಿರಿ.

ವ್ಯಾಧಿ ಅಪರೂಪದ್ದಾದರೂ ಅದನ್ನು ಕಂಡುಹಿಡಿಯುವ ದಾರಿ ಕಠಿಣವಲ್ಲ. ಸಕಾಲದಲ್ಲಿ ತೋರಿಸುವುದು, ತಾಳ್ಮೆಯಿಂದ ಪರೀಕ್ಷೆಗಳನ್ನು ಮಾಡಿಸುವುದು, ತಿಳಿಯದುದನ್ನು ಕೇಳುವುದು ಈ ಮೂರನ್ನು ಪ್ರತಿಯೊಂದು ಕುಟುಂಬವೂ ರೂಢಿಸಿಕೊಂಡರೆ, ಮಗು ಬೇಡದ ನೋವಿನಿಂದಲೂ ಮನೆ ಬೇಡದ ವೆಚ್ಚದಿಂದಲೂ ಪಾರಾಗುವುದು.